ನಾಲ್ಕು ಕಾಲೂ ಚಾಚಿ ಓಡಿದ ಕುದುರೆ

೧೯೭೪ರಲ್ಲಿ ನಾನು ಮ್ಯಾನ್‌ಹಟನ್ನಿನ ಖಾಸಗಿ ಸ್ಟುಡಿಯೋ ಒಂದರಲ್ಲಿ ಪೇಂಟಿಂಗ್ ಕನ್ಸರ್ವೇಟರ್ ಆಗಿದ್ದೆ. ಹಳೆಯ ಚಿತ್ರಗಳ ಕೊಳೆಯನ್ನೂ ಹಳದಿಗಟ್ಟಿದ ವಾರ್ನಿಷನ್ನೂ ತೆಗೆಯುವುದು, ಹರಿದ ಕ್ಯಾನ್‌ವಾಸ್ ಸರಿಪಡಿಸುವುದು ನನ್ನ ಕೆಲಸ. ಮನೆ ನದಿಯಾಚೆ ನ್ಯೂಜೆರ್ಸಿಯ ಫೋರ್ಟ್ ಲೀಯಲ್ಲಿ. ನಮ್ಮ ಯಜಮಾನರು ಇನ್ನೂ ಪಿಎಚ್.ಡಿ. ಮಾಡುತ್ತಿದ್ದರು, ಸ್ಟುಡಿಯೋದವರು ಹಾಕಿದ್ದ ಇಬ್ಬರ ಗ್ರೀನ್ ಕಾರ್ಡಿನ ಅರ್ಜಿಯೂ ನನ್ನ ನೌಕರಿಯ ಮೇಲೆ ನಿಂತಿತ್ತು.

ನ್ಯೂಜೆರ್ಸಿಯಲ್ಲಿ ರೇಸ್ ಕುದುರೆ ಸಾಕುವ ಶ್ರೀಮಂತರೊಬ್ಬರು ಹದಿನೆಂಟನೆಯ ಶತಮಾನದ ಇಂಗ್ಲಿಷ್ ಚಿತ್ರವೊಂದನ್ನು ತಂದರು. ಕಂದು ಕುದುರೆ ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ನೆಲ ಮುಟ್ಟದೆ ಹಾರುತ್ತಿತ್ತು. ನಿಜವಾದ ಕುದುರೆ ಹಾಗೆ ಓಡುವುದಿಲ್ಲ. ಅದು ಖಚಿತವಾದದ್ದು ಕ್ಯಾಮೆರಾ ಬಂದ ಮೇಲೆ. ಅಲ್ಲಿಯವರೆಗೆ ಇಂಗ್ಲೆಂಡಿನ ಚಿತ್ರಕಾರರು ವೇಗವನ್ನು ತೋರಿಸುತ್ತಿದ್ದದ್ದೇ ಹೀಗೆ.

“ನೋಡಿದವರೆಲ್ಲ ನಗುತ್ತಾರೆ. ಕಾಲು ಸರಿಮಾಡಿ ಕೊಡಿ,” ಎಂದರು.

ನಾನು ಚಿತ್ರದ ಫೋಟೋ ತೆಗೆದಿಟ್ಟುಕೊಂಡು, ಎಕ್ಸ್-ರೇಯನ್ನೂ ತೆಗೆಸಿದೆ. ಮೇಲಿನ ಬಣ್ಣದ ಪದರದ ಒಳಗೆ, ಕುದುರೆಯ ಹೊಟ್ಟೆಯಡಿ ಮಡಚಿದ ಕಾಲುಗಳ ಅಂದಾಜು ಗೆರೆಗಳಿದ್ದವು. ಚಿತ್ರಕಾರ ಮೊದಲು ಹಾಗೆ ಎಳೆದು, ಮನಸ್ಸು ಬದಲಿಸಿದ್ದ. ಇದನ್ನು ತೋರಿಸಿದರೆ ಅವರು ಸುಮ್ಮನಾಗುತ್ತಾರೆ ಎಂದುಕೊಂಡೆ. ಅವರು ಕುಣಿದಾಡಿದರು.

“ಸರಿಯಾದದ್ದು ಕೆಳಗೇ ಇದೆಯಲ್ಲ! ಮೇಲಿನದನ್ನು ಕೆರೆದು ತೆಗೆಯಿರಿ.”

“ಅದು ಪೂರ್ತಿ ಬರೆದ ಕಾಲಲ್ಲ. ಕೆರೆದರೆ ಎರಡೂ ಹೋಗುತ್ತವೆ. ನಾನು ಕೆರೆಯುವುದಿಲ್ಲ.”

“ಚಿತ್ರ ನನ್ನದು.”

“ನಿಮ್ಮದೇ. ಆದರೆ ಕಾಲು ಎಲ್ಲಿರಬೇಕು ಅಂತ ಬರೆದವನು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದಾನೆ.”

ನನ್ನ ಬಾಸ್ ನನ್ನನ್ನು ಒಳಗೆ ಕರೆದು, ಸೋಮವಾರ ಕೆರೆಯಲು ಶುರುಮಾಡದಿದ್ದರೆ ಗ್ರೀನ್ ಕಾರ್ಡಿನ ಅರ್ಜಿಯನ್ನು ಹಿಂದಕ್ಕೆ ಪಡೆಯುವುದಾಗಿ ಹೇಳಿದರು.

ಮನೆಯಲ್ಲಿ ಯಜಮಾನರು ತಲೆ ಮೇಲೆ ಕೈಹೊತ್ತು ಕೂತರು. “ಒಂದು ಕುದುರೆ ಕಾಲಿಗೋಸ್ಕರ ವಾಪಸ್ ಹೋಗ್ಬೇಕೇನೆ? ಸ್ವಲ್ಪ ಅಡ್ಜಸ್ಟ್ ಮಾಡ್ಕೋಬಾರ್ದಾ?”

“ನಿಮ್ಮ ಗೈಡ್ ರಿಸಲ್ಟ್ ತಿದ್ದು ಅಂದ್ರೆ ತಿದ್ತೀರೇನ್ರೀ?”

ಅವರು ತಲೆ ಮೇಲಿನ ಕೈ ತೆಗೆದರು. “ಸರಿ, ಕೆಲ್ಸ ಬಿಟ್ಬಿಡು,” ಎಂದರು.

ಸೋಮವಾರ ನಾನು ಬ್ರಷ್‌ಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಬಂದೆ. ಭಯವಿರಲಿಲ್ಲವೆಂದಲ್ಲ, ಉಳಿದ ದುಡ್ಡು ಎಷ್ಟು ತಿಂಗಳಿಗೆ ಬಂದೀತೆಂದು ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಕೆಲವು ತಿಂಗಳ ನಂತರ ಒಂದು ಮ್ಯೂಸಿಯಂ ಲ್ಯಾಬಿನ ಇಂಟರ್‌ವ್ಯೂನಲ್ಲಿ ಹಿಂದಿನ ಕೆಲಸ ಬಿಟ್ಟದ್ದೇಕೆಂದು ಕೇಳಿದರು. ನಡೆದದ್ದನ್ನು ಹೇಳಿದೆ. ಕೆಲಸಕ್ಕೆ ತೆಗೆದುಕೊಂಡರು, ಗ್ರೀನ್ ಕಾರ್ಡಿಗೆ ಹೊಸ ಅರ್ಜಿಯನ್ನೂ ಹಾಕಿದರು.

ಮರುವರ್ಷ ಆ ಶ್ರೀಮಂತರೇ ಅದೇ ಚಿತ್ರ ಹಿಡಿದು ಮ್ಯೂಸಿಯಂ ಲ್ಯಾಬಿಗೆ ಬಂದರು. ಬೇರೆ ಯಾರೋ ಕೆರೆದಿದ್ದರು. ಹೊಟ್ಟೆಯ ಕೆಳಗೆ ಬರಿಯ ಕಂದು ಕಲೆ ಉಳಿದಿತ್ತು.

“ನಿಮ್ಮ ಹತ್ತಿರ ಹಳೆಯ ಫೋಟೋ ಇದೆ. ನೋಡಿಕೊಂಡು ಮೊದಲಿನ ಕಾಲುಗಳನ್ನೇ ಬರೆದುಕೊಡಿ,” ಎಂದರು. ದನಿಯಲ್ಲಿ ಜೋರಿರಲಿಲ್ಲ.

ಪಾಪ ಎನಿಸಿತು. ಆದರೂ, “ಬರೆದರೆ ಅವು ನನ್ನ ಕಾಲುಗಳಾಗುತ್ತವೆ,” ಎಂದೆ. ಉಳಿದ ಬಣ್ಣ ಉದುರದಂತೆ ಭದ್ರಮಾಡಿ, ಕೆರೆದ ಜಾಗ ಕಣ್ಣಿಗೆ ರಾಚದಂತೆ ಮಂಕು ಬಣ್ಣವೊಂದನ್ನು ಸವರಿ ಹಿಂದಿರುಗಿಸಿದೆ.

ಎಲ್ಲಿ ಕೈ ಆಡಿಸಬೇಕೆಂಬುದನ್ನು ಈ ವಿದ್ಯೆ ಹೇಳಿಕೊಟ್ಟ ಗುರುಗಳು ಕಲಿಸಿದ್ದರು. ಎಲ್ಲಿ ಕೈ ತಡೆಯಬೇಕು, ತಡೆದದ್ದಕ್ಕೆ ಬೆಲೆ ತೆರಬೇಕಾಗಿ ಬಂದಾಗಲೂ ಹೇಗೆ ನೆಟ್ಟಗೆ ನಿಲ್ಲಬೇಕು ಎಂಬುದನ್ನು ನಾನು ಕಲಿತದ್ದು ಕೆಲಸದಿಂದಲೇ.