ಉಪ್ಪು ಕರಗುವುದೆಂದರೆ

ಮದುವೆಯಾಗಿ ಹನ್ನೆರಡು ವರ್ಷದ ಮೇಲೆ ಗೋಪನಕೊಪ್ಪದ ದ್ರಾಕ್ಷಾಯಿಣಿ ಮತ್ತೆ ಕಾಲೇಜಿಗೆ ಹೊರಟಳು. ಪಿಯುಸಿಗೇ ನಿಂತ ಓದನ್ನು ಮುಂದುವರಿಸುವ ಆಸೆಯನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅತ್ತೆ ಶಿವಲಿಂಗವ್ವನ ಮುಂದೆ ಮಾತ್ರ. ರೊಟ್ಟಿ ಬಡಿಯುತ್ತಿದ್ದ ಅತ್ತೆ ತಲೆ ಎತ್ತದೆ, "ಹೋಗು. ಹುಡುಗರ್ನ ನಾ ನೋಡ್ಕೋತೇನಿ," ಎಂದಳು. ಗಂಡನನ್ನು ಒಪ್ಪಿಸಿದ್ದೂ ಅವಳೇ.

ಧಾರವಾಡದಲ್ಲಿ ಬಿಎಸ್ಸಿಗೆ ಸೇರಿದಳು. ಇಂಗ್ಲಿಷ್ ಪಾಠವನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿಕೊಳ್ಳುವಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತಿತ್ತು. ಒಂದು ದಿನ ರಸಾಯನಶಾಸ್ತ್ರದ ಸುಮಲತಾ ಮೇಡಂ, ಉಪ್ಪು ನೀರಿಗೆ ಬಿದ್ದರೆ ಏನಾಗುತ್ತದೆಂದು ಅವಳನ್ನೇ ಕೇಳಿದರು.

"ಮೆಲ್ಟ್ ಆಗ್ತದ್ರಿ," ಎಂದಳು.

ಬೆಣ್ಣೆಯೂ ಕರಗುತ್ತದೆ, ಉಪ್ಪೂ ಕರಗುತ್ತದೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು; ಇಂಗ್ಲಿಷಿನಲ್ಲಿ ಬೆಣ್ಣೆಗೆ ಮೆಲ್ಟ್, ಉಪ್ಪಿಗೆ ಡಿಸಾಲ್ವ್. ಹಿಂದಿನ ಬೆಂಚಿನವರು ನಕ್ಕರು. ಇನ್ನು ಬರುವುದೇ ಬೇಡವೆಂದುಕೊಂಡಳು ದ್ರಾಕ್ಷಾಯಿಣಿ.

ತರಗತಿ ಮುಗಿದ ಮೇಲೆ ಮೇಡಂ ಅವಳನ್ನು ನಿಲ್ಲಿಸಿಕೊಂಡರು. "ಡಿಸಾಲ್ವ್ ಅನ್ನೂ ಮಾತು ಎಲ್ಲಿಂದ ಬಂತು, ಗೊತ್ತದ ಏನ್ರಿ?"

"ಇಲ್ರಿ ಮೇಡಂ."

"ಲ್ಯಾಟಿನ್ ಭಾಷಾದಾಗ ಸೊಲ್ವೆರೆ ಅಂದ್ರ ಬಿಚ್ಚೂದು, ಸಡ್ಲ ಮಾಡೂದು. ಡಿಸ್ ಅಂದ್ರ ಬ್ಯಾರೆ ಬ್ಯಾರೆ. ಬೆಣ್ಣಿ ಕರಗಲಿಕ್ಕೆ ಕಾವು ಬೇಕು. ಉಪ್ಪಿನ ಕಣಗಳನ್ನ ನೀರ ಒಂದರಿಂದೊಂದು ಬಿಡಿಸಿ ದೂರ ಮಾಡ್ತದ. ಲೆಕ್ಕಾ ಸಾಲ್ವ್ ಮಾಡೂದೂ ಅದೇ ಬೇರಿನ ಮಾತು. ಅದಕ್ಕ ನಾವೇನಂತೀವಿ ಹೇಳ್ರಿ?"

"ಲೆಕ್ಕಾ ಬಿಡಸೂದು," ಎಂದವಳಿಗೆ ನಗು ಬಂದುಬಿಟ್ಟಿತು. ಎಲ್ಲಿಯ ಲ್ಯಾಟಿನ್, ಎಲ್ಲಿಯ ಗೋಪನಕೊಪ್ಪ. ಲ್ಯಾಟಿನ್ ಆಡುತ್ತಿದ್ದವರಿಗೂ ಲೆಕ್ಕವೆಂದರೆ ಬಿಡಿಸಬೇಕಾದ ಗಂಟೇ ಆಗಿತ್ತಲ್ಲ.

ಅಂದಿನಿಂದ ಗೊತ್ತಾಗದ ಮಾತು ಬಂದರೆ ಅವಳು ಅಂಜದೆ ಮೇಡಂ ಬಳಿ ಹೋಗುತ್ತಿದ್ದಳು. ಡಿಸ್ಟಿಲ್ ಎಂದರೆ ಮೂಲದಲ್ಲಿ ಹನಿಹನಿಯಾಗಿ ಕೆಳಗಿಳಿಯುವುದೆಂದು ಕೇಳಿದ ದಿನ, ನಾವೂ ಬಟ್ಟಿ ಇಳಿಸುತ್ತೇವಲ್ಲ ಎಂದು ತಾನೇ ಜೋಡಿಸಿ ಹೇಳಿದಳು. ಮೇಡಂ ಅದನ್ನು ಮರುದಿನ ಇಡೀ ತರಗತಿಗೆ ಹೇಳಿದರು, ಅವಳ ಹೆಸರು ಹಿಡಿದೇ.

ಬಿಎಸ್ಸಿ ಆಯಿತು, ಬಿಎಡ್ಡೂ ಆಯಿತು. ಹಳೇ ಹುಬ್ಬಳ್ಳಿಯ ಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿಯಾಗಿ ಕೆಲಸ ಸಿಕ್ಕಾಗ, ದ್ರಾಕ್ಷಾಯಿಣಿ ಅತ್ತೆಯನ್ನು ಕರೆದುಕೊಂಡು ಶೇಂಗಾ ಹೋಳಿಗೆ ಕಟ್ಟಿಕೊಂಡು ಮೇಡಂ ಮನೆಗೆ ಹೋದಳು.

ಶಿವಲಿಂಗವ್ವ ಮೇಡಂ ಕೈ ಹಿಡಿದುಕೊಂಡಳು. "ನಮ್ಮ ಸೊಸಿನ್ನ ದಡಾ ಮುಟ್ಟಿಸಿದ್ರಿ. ನಿಮ್ಮ ಉಪಕಾರ ಮರಿಯೂದಿಲ್ಲರಿ."

"ನೀವು ಕಳಸದಿದ್ರ ನಾ ಯಾರಿಗೆ ಕಲಿಸ್ತಿದ್ದೆರಿ?" ಎಂದರು ಮೇಡಂ. "ನನ್ನ ಅತ್ತಿಯವರೂ ಹಿಂಗ ಕಳಿಸಿದ್ರಂತನ ನಾ ಓದಿದೆ."

ದ್ರಾಕ್ಷಾಯಿಣಿ ಚಹಾ ಮಾಡುತ್ತೇನೆಂದು ಅಡುಗೆಮನೆಗೆ ಹೋಗಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಶುಂಠಿ ಎಲ್ಲಿದೆಯೆಂದು ಅಲ್ಲಿಂದಲೇ ಕೇಳಿದಳು.