ಕೆಂದಿಯ ಹೆಸರು ಬರೆಸಿದವರು

ದೊಡ್ಡ ಟೀಚರ ಬಲಗೈಯ ತೋರುಬೆರಳಿನ ತುದಿ ಸವೆದು ಚಪ್ಪಟೆಯಾಗಿತ್ತು. ಅಲ್ಲಿನ ಚರ್ಮ ದಡ್ಡುಗಟ್ಟಿ, ಉಗುರಿನ ಸಂದಿಯಲ್ಲಿ ಸದಾ ಒಂದಿಷ್ಟು ಮರಳು ಕೂತಿರುತ್ತಿತ್ತು. ಮೂವತ್ತು ವರ್ಷ ಮಕ್ಕಳ ಬೆರಳು ಹಿಡಿದು ಮರಳಿನ ಮೇಲೆ ಅಕ್ಷರ ತಿದ್ದಿಸಿದ ಕೈ ಅದು. ಬಸ್ಸಿನಲ್ಲಿ ಟಿಕೆಟ್ಟಿಗೆ ಕೈ ಚಾಚಿದರೆ ಕಂಡಕ್ಟರು, "ಏನ್ ಮೇಡಂ, ಒಲ ಗೇಯ್ದು ಬಂದ್ರಾ?" ಎಂದು ಕೇಳುತ್ತಿದ್ದ. "ಊಂ ಕಣಪ್ಪ, ಬಿತ್ನೆ ನಡೀತಾ ಅದೆ" ಎಂದು ಗಂಭೀರವಾಗಿಯೇ ಉತ್ತರ ಕೊಡುತ್ತಿದ್ದರು.

ಹನೂರು ದಾಟಿ ಬೆಟ್ಟದ ರಸ್ತೆಯಲ್ಲಿ ಇಳಿದು, ಎರಡು ಮೈಲಿ ಒಳಕ್ಕೆ ನಡೆದರೆ ಸಿಗುವ ಕಾಡಂಚಿನ ಊರಿನ ಶಾಲೆ ನಮ್ಮದು. ಇದ್ದವರು ಇಬ್ಬರೇ ಶಿಕ್ಷಕಿಯರು. ದೊಡ್ಡ ಟೀಚರು ದಿನಾ ಕೊಳ್ಳೇಗಾಲದಿಂದ ಬರುತ್ತಿದ್ದರು. ನಾನು ಯಳಂದೂರಿನವಳು, ಹೊಸದಾಗಿ ಕೆಲಸಕ್ಕೆ ಸೇರಿ ಹನೂರಿನಲ್ಲಿ ಕೋಣೆ ಹಿಡಿದಿದ್ದೆ. ಊರವರಿಗೆ ಅವರು ದೊಡ್ಡ ಟೀಚರು, ನಾನು ಹೊಸ ಮಿಸ್ಸು.

ಒಂದನೇ ತರಗತಿಗೆ ಸೇರಿದ ಮಕ್ಕಳಿಗೆ ಅವರು ಮೊದಲ ಎರಡು ತಿಂಗಳು ಪ್ರಾಣಿಗಳನ್ನು ಬಿಟ್ಟು ಬೇರೇನೂ ಕಲಿಸುತ್ತಿರಲಿಲ್ಲ. "ಅ ಅಂದ್ರೆ ಅರಸ ಅಂತ ಪುಸ್ತಕದಲ್ಲಿ ಅದೆ. ಈ ಊರ ಐಕ್ಳು ಅರಸನ್ನ ಎಲ್ಲಿ ನೋಡವೆ? ಆಡು ನೋಡವೆ, ಎಮ್ಮೆ ನೋಡವೆ" ಎನ್ನುತ್ತಿದ್ದರು. ಪ್ರತಿ ಮಗುವೂ ಮೊದಲು ಬರೆಯಬೇಕಾದದ್ದು ತನ್ನ ಮನೆಯ ದನದ ಹೆಸರನ್ನೋ ನಾಯಿಯ ಹೆಸರನ್ನೋ. ಕಾಳಿ, ಗೌರಿ, ಕರಿಯ ಎಂದು ಜಗಲಿಯ ಮರಳಿನ ಮೇಲೆ ಒಂದು ಕೊಟ್ಟಿಗೆಯೇ ಎದ್ದು ನಿಲ್ಲುತ್ತಿತ್ತು. ಆಮೇಲೆ ಅದು ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ಯಾರ ಮಾತು ಕೇಳುತ್ತದೆ ಎಂದು ಒಂದೊಂದೇ ವಾಕ್ಯ. ದೀಪಾವಳಿ ಬರುವಷ್ಟರಲ್ಲಿ ಮಕ್ಕಳು ಓದುತ್ತಿದ್ದವು.

ನನಗೆ ಇದು ಹಳೇ ಕಾಲದ ಪದ್ಧತಿ ಎನಿಸಿತ್ತು. ತರಬೇತಿ ಮುಗಿಸಿ ಬಂದ ಬಿಸಿ ಇನ್ನೂ ಆರಿರಲಿಲ್ಲ. ಬಣ್ಣದ ಕಾರ್ಡುಗಳ ಕಟ್ಟೊಂದನ್ನು ತಂದು ಎರಡನೇ ತರಗತಿಯ ಗೋಡೆಗೆಲ್ಲ ಅಂಟಿಸಿದೆ. ಜಿರಾಫೆಯ ಚಿತ್ರ ನೋಡಿ ಒಬ್ಬ ಹುಡುಗ, "ಮಿಸ್, ಇದು ಎಷ್ಟ್ ಆಲು ಕೊಡ್ತದೆ?" ಎಂದ. ದೊಡ್ಡ ಟೀಚರು ಬಾಗಿಲಲ್ಲಿ ನಿಂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನನಗೆ ಕೋಪ ಬಂತು, ನಿಜ ಹೇಳಬೇಕಲ್ಲ.

ಆ ಕಟ್ಟಿನಲ್ಲಿ ಹುಲಿಯೂ ಇತ್ತು. ಹಕಾರ ಕಲಿಸುವ ದಿನ ಹಲಗೆಯ ಮೇಲೆ 'ಹುಲಿ ಹಸುವನ್ನು ಹಿಡಿಯಿತು' ಎಂದು ಬರೆದು ಒಬ್ಬೊಬ್ಬರನ್ನೇ ಓದಲು ಹೇಳಿದೆ. ಯಾರೂ ಬಾಯಿ ಬಿಡಲಿಲ್ಲ. ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ಒಬ್ಬಳು, ತರಗತಿಗೆಲ್ಲ ಚುರುಕಾದ ಹುಡುಗಿ, ತಲೆ ತಗ್ಗಿಸಿ ನಿಂತೇಬಿಟ್ಟಳು. ಆ ಕಡೆಯವರ ಬಾಯಲ್ಲಿ ಹಕಾರ ಹೊರಳುವುದಿಲ್ಲ, ಅದಕ್ಕೆ ನಾಚಿಕೆ ಇರಬೇಕು ಎಂದುಕೊಂಡೆ. "ಓದಲ್ಲ ಅಂದ್ರೆ ಹತ್ತು ಸಲ ಬರಿ" ಎಂದೆ. ಅವಳು ಅಳುತ್ತಲೇ ಬರೆದಳು. ಅಕ್ಷರ ಮುತ್ತಿನಂತಿದ್ದವು, ನಾನು ಕೆಂಪು ಶಾಯಿಯಲ್ಲಿ 'ಚೆನ್ನಾಗಿದೆ' ಎಂದು ಬರೆದುಕೊಟ್ಟೆ.

ಆ ಊರಿನವರು ಮಳೆಗಾಲ ಶುರುವಾದರೆ ದನಗಳನ್ನು ಕಾಡಿನೊಳಗಿನ ದೊಡ್ಡಿಗೆ ಹೊಡೆದುಕೊಂಡು ಹೋಗಿ ತಿಂಗಳುಗಟ್ಟಲೆ ಅಲ್ಲೇ ಕೂಡುತ್ತಾರೆ. ದನ ದೊಡ್ಡಿಯಲ್ಲಿರುವಷ್ಟು ದಿನ ಮನೆಯವರು ಯಾರೂ ಹುಲಿಯ ಹೆಸರು ಎತ್ತುವಂತಿಲ್ಲ. ಅದು ಬೆಟ್ಟದ ದೇವರು ಮಾದಪ್ಪನ ವಾಹನ. ಹೆಸರು ಹಿಡಿದರೆ ಕರೆದಂತೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ನಾನು ಬರೆಸಿದ ನಾಲ್ಕನೇ ದಿನ ದೊಡ್ಡಿಯಿಂದ ಸುದ್ದಿ ಬಂತು. ಅದೇ ಹುಡುಗಿಯ ಮನೆಯ ಗಬ್ಬದ ಹಸುವನ್ನು ಹುಲಿ ಹೊಡೆದಿತ್ತು. ಹುಡುಗಿ ಬರೆದ ಪುಸ್ತಕವನ್ನು ಒಲೆಗೆ ಹಾಕಿ, "ನಾನೇ ಬರ್ದು ಸಾಯಿಸ್ಬುಟ್ಟೆ" ಎಂದು ಅಜ್ಜಿಯ ಮಡಿಲಲ್ಲಿ ಬಿದ್ದಳಂತೆ. ಮಾರನೆಯ ದಿನದಿಂದ ಶಾಲೆಗೆ ಒಂದು ಮಗುವೂ ಬರಲಿಲ್ಲ.

ಮೂರು ದಿನ ಖಾಲಿ ಕೋಣೆಯಲ್ಲಿ ಕೂತೆವು. ಆಗಲೇ ನಾನು ಅವರಿಗೆ ನಡೆದದ್ದನ್ನೆಲ್ಲ ಹೇಳಿದ್ದು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ಕೊಡೆ ತೆಗೆದುಕೊಂಡು ಎದ್ದರು. "ನೀನು ಬಾಗ್ಲು ತಕ್ಕೊಂಡು ಇಲ್ಲೇ ಕುಂತಿರು. ನಾನು ಓಗಿ ಬತ್ತೀನಿ."

ಅಲ್ಲಿ ಏನು ನಡೆಯಿತು ಎಂದು ನನಗೆ ತಿಳಿದದ್ದು ಬಿಸಿಯೂಟದ ಅಡುಗೆಯವರಿಂದ. ದೊಡ್ಡ ಟೀಚರು ಹುಡುಗಿಯ ಮನೆಯ ಜಗಲಿಯಲ್ಲಿ ನೆಲದ ಮೇಲೆ ಕೂತು, ಊರ ಹಿರಿಯರ ಮುಂದೆ, "ಬರ್ಸಿದ್ದು ನಾನು. ತಪ್ಪಾಯ್ತು" ಎಂದರಂತೆ. ಬರುವ ಸೋಮವಾರದೊಳಗೆ ಬರಿಗಾಲಲ್ಲಿ ಬೆಟ್ಟಕ್ಕೆ ನಡೆದು ಮಾದಪ್ಪನಿಗೆ ತಪ್ಪೊಪ್ಪಿಸಿ ಬರುತ್ತೇನೆ ಎಂದೂ ಮಾತು ಕೊಟ್ಟರಂತೆ. ಅವರ ಬಲಮಂಡಿ ಆಗಲೇ ಊದಿಕೊಂಡು, ಬಸ್ಸಿನ ಮೆಟ್ಟಿಲು ಹತ್ತುವುದೇ ಕಷ್ಟವಾಗಿತ್ತು.

"ನಾನೂ ಬರ್ತೀನಿ ಟೀಚರ್. ತಪ್ಪು ನನ್ನದು" ಎಂದೆ.

"ನೀನು ಬಂದ್ರೆ ಯಾತಕ್ಕೆ ಅಂತ ಕೇಳ್ತಾರೆ. ನನಗೆ ಇನ್ನು ಎರಡು ವರ್ಷ ಸರ್ವೀಸು. ನೀನು ಇಲ್ಲಿ ಬಾಳ ದಿನ ಇರ್ಬೇಕು."

"ನೀವು ಇದನ್ನೆಲ್ಲ ನಂಬ್ತೀರಾ?"

"ನಾನು ನಂಬಾದು ಬುಡಾದು ಅತ್ಲಾಗಿರ್ಲಿ. ತಾನು ಬರ್ದಿದ್ದು ಕಾಡಿನಲ್ಲಿ ನಡೀತು ಅಂತ ಆ ಕೂಸು ನಂಬದೆ. ಅಕ್ಷರವ ಅಷ್ಟು ನಂಬೋ ಕೂಸನ್ನ ನಾನು ಸರ್ವೀಸಲ್ಲೇ ನೋಡಿಲ್ಲ. ಅದು ಎದ್ರಿ ಅಕ್ಷರ ಬುಟ್ಬುಟ್ರೆ ನಾವಿಬ್ರೂ ಇದ್ದು ಏನು ಬಂತು?"

ಭಾನುವಾರ ನಡೆದರು. ಸೋಮವಾರ ಬೆಟ್ಟದಿಂದ ವಿಭೂತಿ ತಂದು, ಕುಂಟುತ್ತ ಆ ಮನೆಗೆ ಹೋಗಿ ಹುಡುಗಿಯ ಕೈ ಹಿಡಿದು ಕರೆತಂದರು. ಹಿಂದೆ ಊರಿನ ಅರ್ಧ ಜನ. ಸ್ಲೇಟಿಗೆ ವಿಭೂತಿ ಸವರಿ ಅವಳ ಮುಂದೆ ಇಟ್ಟರು. ಅವಳು ಕೈಗಳನ್ನು ಲಂಗದೊಳಗೆ ಬಚ್ಚಿಟ್ಟುಕೊಂಡಳು.

"ನಿಮ್ಮ ಅಸೀನ ಎಸ್ರು ಏನವ್ವ?"

"ಕೆಂದಿ."

"ಬರಿ. ಅದು ಓಗ್ಬುಟ್ರೂ ಅದರ ಎಸ್ರು ಇರ್ಲಿ."

ಅವರು ಅವಸರ ಮಾಡಲಿಲ್ಲ, ಮರಿಗೆ ಹಾಲೂಡಿಸುವವರಂತೆ ಪಕ್ಕದಲ್ಲಿ ಕೂತೇ ಇದ್ದರು. ಕೊನೆಗೆ ಹುಡುಗಿ ಬಳಪ ತೆಗೆದುಕೊಂಡು 'ಕೆಂದಿ' ಎಂದು ಬರೆದಳು. ನಾವು ಹೇಳದೆಯೇ ಅದರ ಕೆಳಗೆ 'ಕೆಂದಿ ಒದೀತಿರಲಿಲ್ಲ' ಎಂದು ಬರೆದಳು. ಅಜ್ಜಿ ಅದನ್ನು ಓದಿಸಿ ಕೇಳಿ ಜೋರಾಗಿ ಅತ್ತಳು. ನಾನು ಗೋಡೆಯ ಕಡೆ ತಿರುಗಿಕೊಂಡು ಕಾರ್ಡುಗಳನ್ನು ಕೀಳತೊಡಗಿದೆ.

ಆ ನಡಿಗೆಯ ನಂತರ ಅವರ ಮಂಡಿ ಸರಿಯಾಗಲೇ ಇಲ್ಲ. ನಿವೃತ್ತಿಯವರೆಗೂ ಕ್ರಾಸಿನಿಂದ ಶಾಲೆಗೆ ಯಾರದಾದರೂ ಬೈಕಿನ ಹಿಂದೆ ಕೂತು ಬಂದರು. ಊರವರ ಕಣ್ಣಲ್ಲಿ ಅವರು ತಪ್ಪಿತಸ್ಥರಾಗಿಯೇ ಉಳಿದರು ಎಂದು ನಾನು ನಂಬಿದ್ದೆ. ಅದನ್ನು ತಿದ್ದುವ ಧೈರ್ಯ ಮಾತ್ರ ನನಗೆ ಬರಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತಲೇ ಅವರ ಬೀಳ್ಕೊಡುಗೆಯೂ ಮುಗಿಯಿತು. ಆಮೇಲೆ ಕೊಳ್ಳೇಗಾಲದ ಅವರ ಮನೆಗೆ ಹೋದಾಗಲೆಲ್ಲ ಮಕ್ಕಳು ಏನು ಬರೆಯುತ್ತಿವೆ ಎಂದು ಕೇಳುತ್ತಿದ್ದರು. ಆ ವಿಷಯವನ್ನು ಒಮ್ಮೆಯೂ ಎತ್ತಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಮಣ್ಣಿಗೆ ಆ ಊರಿನಿಂದ ಒಂದು ಟೆಂಪೊ ತುಂಬ ಜನ ಬಂದಿದ್ದರು. ಆ ಹುಡುಗಿಯ ಅಜ್ಜಿಯೂ ಬಂದಿದ್ದಳು. ಇನ್ನು ತಡೆಯಲಾಗದೆ ಅವಳ ಕೈ ಹಿಡಿದುಕೊಂಡೆ. "ಅಜ್ಜಿ, ಅವತ್ತು ಬರೆಸಿದ್ದು ಅವರಲ್ಲ. ನಾನು."

ಅವಳು ನನ್ನ ಮುಖ ನೋಡಿದಳು. ಸಿಟ್ಟೇನೂ ಇರಲಿಲ್ಲ.

"ಗೊತ್ತು ಬುಡವ್ವ. ಒಸಾ ಮಿಸ್ಸು ಬರ್ಸುದ್ರು ಅಂತ ಕೂಸು ಅವತ್ತೇ ಯೋಳ್ತು. ಆವಮ್ಮ ಬಂದು ನಾನೇ ಅಂದಾಗ ಯಾರೂ ಎದುರು ಮಾತಾಡ್ನಿಲ್ಲ. ಅವರು ಎದ್ದೋದ್ಮೇಲೆ ನಮ್ಮೂರ ಯಜಮಾನ್ರು ಅಂದ್ರು, ಇನ್ನೊಬ್ರ ತಪ್ಪ ತಲೆ ಮೇಲೆ ಒತ್ಕತಾರಲ್ಲ, ಇವರತ್ರ ಬುಡ್ದೆ ಐಕ್ಳ ಇನ್ಯಾರತ್ರ ಬುಡಾದು ಅಂತ. ಅದಕ್ಕೇ ಕಳುಸ್ದೋ."

ದೊಡ್ಡ ಟೀಚರಿಗೆ ಇದು ತಿಳಿದಿತ್ತೋ ಇಲ್ಲವೋ, ಕೇಳುವ ಹಾಗಿಲ್ಲ. ನನ್ನ ಸರದಿ ಬಂದಾಗ ಒಂದು ಹಿಡಿ ಮಣ್ಣು ಹಾಕಿದೆ. ಅವರು ಬದುಕಿದ್ದಾಗ ಊರ ಮುಂದೆ ಒಂದು ಸಲ ಹೇಳಿದ್ದರೆ ಸಾಕಿತ್ತು. ಕೂಸು ಅವತ್ತೇ ಹೇಳಿತ್ತು, ಅವರು ತಮ್ಮದೆಂದೇ ಹೇಳಿದ್ದರು, ಹೇಳದೆ ಉಳಿದವಳು ನಾನೊಬ್ಬಳೇ.