ಊತ ಇಳಿದ ಮೇಲೆ

ಲಕ್ಕಿ ಸೊಪ್ಪು ಬೇಯುವ ಕಹಿ ವಾಸನೆ ಎಲ್ಲಿಯಾದರೂ ಮೂಗಿಗೆ ಬಡಿದರೆ, ಹಾನುಬಾಳಿನ ಆಚೆ ಇದ್ದ ನಮ್ಮ ಮನೆಯ ಬಚ್ಚಲಲ್ಲಿ, ಕೀಲುನೋವಿಗೆಂದು ಆ ಸೊಪ್ಪಿನ ಬಿಸಿನೀರಿಗೆ ಎರಡೂ ಕೈ ಅದ್ದಿಕೊಂಡು ಮಣೆಯ ಮೇಲೆ ಕುಳಿತಿರುತ್ತಿದ್ದ ದೊಡ್ಡವ್ವ ಕಣ್ಣ ಮುಂದೆ ಬರುತ್ತಾಳೆ. ಅವಳು ನನ್ನ ಅಪ್ಪನ ಅಣ್ಣನ ಹೆಂಡತಿ, ಹೆಸರು ಪಾರ್ವತಿ. ಮಕ್ಕಳಿರಲಿಲ್ಲ, ನನ್ನ ಜಡೆ ಹೆಣೆದದ್ದು, ಜ್ವರ ಬಂದಾಗ ಮಡಿಲಿಗೆ ಹಾಕಿಕೊಂಡದ್ದು ಎಲ್ಲ ಅವಳೇ. ತೊಂಬತ್ತರ ದಶಕದ ಮೊದಲಲ್ಲಿ, ನನಗೆ ಒಂಬತ್ತು ವರ್ಷವಿದ್ದಾಗ, ಅವಳ ಬೆರಳ ಗೆಣ್ಣುಗಳು ಹಸಿ ಶುಂಠಿಯಂತೆ ಊದಿಕೊಂಡವು. ನಮ್ಮನ್ನು ಕಾಯಬೇಕಾದ ಮೈಯ ಶಕ್ತಿಯೇ ತಿರುಗಿಬಿದ್ದು ಕೀಲುಗಳನ್ನು ತಿನ್ನುವ ಕಾಯಿಲೆ ಇದು ಎಂದು ಹಾಸನದ ಡಾಕ್ಟರು ಮಾತ್ರೆ ಕೊಟ್ಟರು. ಊತ ಕಣ್ಣಿಗೆ ಕಾಣುತ್ತಿದ್ದಷ್ಟು ದಿನ ಮನೆಯವರೆಲ್ಲ ಅವಳನ್ನು ಹೂವಿನಂತೆ ನೋಡಿಕೊಂಡರು. ಅಜ್ಜಿ ತಾನೇ ಒಲೆಯ ಮುಂದೆ ಕುಳಿತು ಅಕ್ಕಿರೊಟ್ಟಿ ತಟ್ಟುತ್ತಿದ್ದಳು.

ವರ್ಷ ಕಳೆಯುವಷ್ಟರಲ್ಲಿ ಊತ ಇಳಿಯಿತು. ರಕ್ತ ಪರೀಕ್ಷೆಯ ಚೀಟಿ ಹಿಡಿದು ಬಂದ ದೊಡ್ಡಪ್ಪ ಜಗಲಿಯಿಂದಲೇ ಕೂಗಿ ಹೇಳಿದರು: "ರಕ್ತದಲ್ಲಿ ಏನೂ ಇಲ್ವಂತೆ, ಎಲ್ಲಾ ಸರಿಯಾಗೈತೆ." ಆದರೆ ನೋವು ಹೋಗಿರಲಿಲ್ಲ. ಬೆರಳುಗಳಿಂದ ಹೆಗಲು, ಬೆನ್ನು, ತೊಡೆ, ಕೊನೆಗೆ ತಲೆಯ ಚರ್ಮದವರೆಗೂ ಹಬ್ಬಿತ್ತು. "ಮೈಯೆಲ್ಲಾ ಒನಕೇಲಿ ಕುಟ್ಟಿದಂಗೈತೆ ಕಣತ್ತೆ, ಸೀರೆ ತಾಗಿದ್ರೂ ನೋಯ್ತದೆ" ಎಂದು ಅಜ್ಜಿಗೆ ಹೇಳುತ್ತಿದ್ದಳು. "ಊತ ಇಲ್ದೆ ನೋವೆಲ್ಲಿಂದ ಬಂತೇ? ಮೈ ಬಗ್ಸಕ್ಕೆ ಸೋಮಾರಿತನ" ಎನ್ನುತ್ತಿದ್ದಳು ಅಜ್ಜಿ. ಇಂಥ ಮಾತು ನಿಮ್ಮ ಮನೆಯ ಅಡುಗೆಕೋಣೆಯಲ್ಲೂ ಯಾರೋ ಒಬ್ಬಳ ಕಿವಿಗೆ ಬಿದ್ದಿರಬಹುದು.

ಇನ್ನೊಮ್ಮೆ ಹಾಸನಕ್ಕೆ ಕರೆದುಕೊಂಡು ಹೋಗಿ ಎಂದು ದೊಡ್ಡವ್ವ ಅಂಗಲಾಚಿದಾಗ, ಅಜ್ಜಿ ನನ್ನನ್ನು ಪಕ್ಕಕ್ಕೆ ಕರೆದಳು. "ಯಾರೂ ಇಲ್ದಾಗ ಹೆಂಗಿರ್ತಾಳೆ, ನೋಡ್ಕೊಂಡ್ ಬಾರೇ." ನಾನು ಹಿತ್ತಿಲ ಬಾಗಿಲ ಸಂದಿಯಿಂದ ನೋಡಿದೆ. ದೊಡ್ಡವ್ವ ತುದಿಗಾಲಲ್ಲಿ ನಿಂತು, ಕೈ ಮೇಲೆತ್ತಿ, ಮಲ್ಲಿಗೆ ಮೊಗ್ಗು ಬಿಡಿಸುತ್ತಿದ್ದಳು. ಏನೋ ಹಾಡಿಕೊಳ್ಳುತ್ತಲೂ ಇದ್ದಳು. ಓಡಿಬಂದು ಕಂಡದ್ದನ್ನು ಕಂಡ ಹಾಗೆ ಹೇಳಿದೆ. "ನಂಗೊತ್ತಿತ್ತು" ಎಂದಳು ಅಜ್ಜಿ. ಹಾಸನದ ಮಾತು ಅಲ್ಲಿಗೇ ನಿಂತಿತು. ಸಂಜೆ ದೊಡ್ಡವ್ವ ಮೊಗ್ಗುಗಳನ್ನು ಬಾಳೆಲೆಯಲ್ಲಿ ತಂದು ನನ್ನ ಮುಂದಿಟ್ಟಳು. "ನಿನ್ ಜಡೆಗೆ ಅಂತ ಕಿತ್ತೆ ಕಣವ್ವ. ಈಗ ತೋಳು ಕಳಚಿ ಬೀಳೋ ಹಂಗಾಗೈತೆ. ನೀನೇ ಕಟ್ಕೋ." ನನಗೆ ಹೂ ಕಟ್ಟಲು ಬರುತ್ತಿರಲಿಲ್ಲ. ಅಜ್ಜಿಯ ಬಳಿ ಹೋಗಿ ಇದನ್ನು ಹೇಳುವ ಧೈರ್ಯವೂ ಇರಲಿಲ್ಲ.

ಆಮೇಲೆ ದೊಡ್ಡವ್ವ ನೋವಿನ ಮಾತನ್ನೇ ಬಿಟ್ಟಳು. ರೊಟ್ಟಿ ತಟ್ಟಿದಳು, ಕಣದಲ್ಲಿ ಕಾಫಿ ಹರವಿದಳು, ಕೇಳಿದರೆ "ಚೆನ್ನಾಗಿದ್ದೀನಿ" ಅನ್ನುವಳು. ಮಾತ್ರೆಯನ್ನೂ ನಿಲ್ಲಿಸಿಬಿಟ್ಟಿದ್ದಳೆಂದು ನಮಗೆ ತಿಳಿದದ್ದು ಹತ್ತು ವರ್ಷದ ಮೇಲೆ, ಊತ ಮರಳಿ ಬಂದು, ಕಾಯಿಲೆ ಶ್ವಾಸಕೋಶಕ್ಕೂ ಇಳಿದಾಗ. ಕಾಲೇಜಿನಿಂದ ನಾನು ಬಸ್ಸಿಳಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವತ್ತು ಬಾಗಿಲ ಸಂದಿಯಲ್ಲಿದ್ದವಳು ನಾನು ಎಂದು ಅವಳಿಗೆ ಹೇಳಲೇ ಇಲ್ಲ.

ಈಗ ಆ ಮನೆ ಇಲ್ಲ, ದೊಡ್ಡಪ್ಪನೂ ಅಜ್ಜಿಯೂ ಇಲ್ಲ. ದೊಡ್ಡವ್ವ ತೀರಿಕೊಂಡ ದಿನದ ಅಂಗಳ ಮಾತ್ರ ನನ್ನೊಳಗೆ ಹಾಗೇ ಇದೆ. ಹೆಂಗಸರು ನೀರು ಹೊಯ್ದು ದೊಡ್ಡವ್ವನ ಮೈ ತೊಳೆಯುತ್ತಿದ್ದರು. ಒಬ್ಬಳು ಸೆಟೆದ ತೋಳನ್ನು ಹಿಡಿದು ಮಡಚಲು ಹೋದಳು. ಅಲ್ಲಿಯವರೆಗೆ ಕಂಬಕ್ಕೊರಗಿ ಕುಳಿತಿದ್ದ ಅಜ್ಜಿ ಎದ್ದು ಬಂದು ಅವಳ ಕೈ ತಡೆದಳು.

"ಮೆಲ್ಲಗೆ ಕಣ್ರೇ," ಎಂದಳು, "ಅವಳಿಗೆ ನೋಯ್ತದೆ."